ಸಾಕ್ಷಿಕಟ್ಟೆಯಲ್ಲಿ ನಮ್ಮ ಸೀಮೆಯವರು ಯಾಕಿಲ್ಲ?

ಕೊಲೆ ಮಾಡಿದವರು ಯಾರು ಎಂಬ ಕುತೂಹಲದಿಂದ ಒಂದು ಧಾರಾವಾಹಿ ಹೆಚ್ಚೆಂದರೆ ಕೆಲವು ವಾರ ಓಡೀತು. ವರ್ಷಗಟ್ಟಲೆ ಮನೆಮಾತಾಗಿ ಉಳಿಯಲು ಅಷ್ಟು ಸಾಲದು. ಟಿ.ಎನ್. ಸೀತಾರಾಮ್ ಅವರ ‘ಮುಕ್ತ’, ‘ಮುಕ್ತ ಮುಕ್ತ’, ‘ಮಗಳು ಜಾನಕಿ’ಯಲ್ಲಿ ತಪ್ಪಿತಸ್ಥರು ಯಾರೆಂಬುದು ನೋಡುಗರಿಗೆ ಎಷ್ಟೋ ಸಲ ಮೊದಲೇ ಗೊತ್ತಿರುತ್ತಿತ್ತು. ಆದರೂ ನಮ್ಮ ರಾಯಚೂರು ಕಡೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಎಷ್ಟೋ ಮನೆಗಳಲ್ಲಿ ಅವು ಬರುವ ಹೊತ್ತಿಗೆ ಯಾರೂ ಟಿವಿ ಮುಂದಿನಿಂದ ಏಳುತ್ತಿರಲಿಲ್ಲ. ಗೊತ್ತಿರುವ ಸತ್ಯ ಕೋರ್ಟಿನಲ್ಲಿ ರುಜುವಾತಾದೀತೋ ಇಲ್ಲವೋ ಎಂಬ ಆತಂಕವೇ ಅವರನ್ನು ಹಿಡಿದು ಕೂರಿಸುತ್ತಿತ್ತು.

ಸೀತಾರಾಮ್ ಸ್ವತಃ ವಹಿಸಿದ ವಕೀಲ ಸಿಎಸ್‌ಪಿಯ ಪಾಟೀಸವಾಲನ್ನೇ ನೋಡಿ. ದನಿ ಏರುವುದಿಲ್ಲ. ಮೊದಲು ತೀರಾ ಸಾಮಾನ್ಯ ಪ್ರಶ್ನೆಗಳು: ಅವತ್ತು ಎಲ್ಲಿದ್ದಿರಿ, ಎಷ್ಟು ಗಂಟೆ, ಜೊತೆಗೆ ಯಾರಿದ್ದರು. ಸಾಕ್ಷಿಗೆ ಧೈರ್ಯ ಬರುತ್ತದೆ, ಒಂದೆರಡು ಮಾತು ಹೆಚ್ಚೇ ಆಡುತ್ತಾನೆ. ಆಗ ಹಿಂದೆ ಕೊಟ್ಟ ಹೇಳಿಕೆಗೂ ಈಗಿನ ಮಾತಿಗೂ ಇರುವ ಕೂದಲೆಳೆಯ ಅಂತರದ ಮೇಲೆ ವಕೀಲರು ಬೆರಳಿಡುತ್ತಾರೆ. ಕಾನೂನು ಓದಿಕೊಂಡು, ರಂಗಭೂಮಿಗೆ ‘ಆಸ್ಫೋಟ’ದಂಥ ನಾಟಕ ಕೊಟ್ಟವರ ಕೈಗುಣ ಇದು. ಎಫ್‌ಐಆರ್, ಪಂಚನಾಮೆ, ಜಾಮೀನು, ಚಾರ್ಜ್‌ಶೀಟ್ ಎಲ್ಲವೂ ಇಷ್ಟು ತಾಳ್ಮೆಯಿಂದ, ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ತೆರೆಗೆ ಬಂದದ್ದು ಅಪರೂಪ.

ನಮ್ಮ ಭಾಗಕ್ಕೆ ಇದು ನಾಟಿದ್ದಕ್ಕೆ ಬೇರೆಯೇ ಕಾರಣವಿದೆ. ಪಹಣಿಯ ಹೆಸರಿಗೆ, ಅಣ್ಣತಮ್ಮಂದಿರ ಪಾಲಿಗೆ, ಬದುವಿನ ಜಗಳಕ್ಕೆ ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿ, ಸಿಂಧನೂರಿನ ಕೋರ್ಟು ಎಂದು ಅಲೆಯದ ಮನೆತನ ಕಡಿಮೆ. ಅಲ್ಲಿ ಕಕ್ಷಿದಾರನಿಗೆ ಸಿಗುವುದು ಮುಂದಿನ ವಾಯಿದೆ. ತನ್ನದೇ ವ್ಯಾಜ್ಯದಲ್ಲಿ ಒಂದು ಮಾತನ್ನೂ ಪೂರ್ತಿ ಆಡಲಾಗದವನು, ಸಾಧಾರಣ ಮನುಷ್ಯನೊಬ್ಬನ ಮಾತನ್ನು ನ್ಯಾಯಾಧೀಶರು ಕೊನೆತನಕ ಕೇಳಿಸಿಕೊಳ್ಳುವುದನ್ನು ಟಿವಿಯಲ್ಲಿ ಕಂಡ. ಈ ಧಾರಾವಾಹಿಗಳ ಮೇಲಿನ ಪ್ರೀತಿ ಅಲ್ಲಿಂದ ಹುಟ್ಟಿತು. ‘ಮುಕ್ತ ಮುಕ್ತ’ದ ಕಾಲದಲ್ಲಿ ಸಂವಾದಗಳಿಗೆ ಜನ ಸೇರಿದ್ದು, 2018ರಲ್ಲಿ ಶುರುವಾದ ‘ಮಗಳು ಜಾನಕಿ’ 2020ರ ಕೋವಿಡ್ ಹೊತ್ತಿನಲ್ಲಿ ನಿಂತಾಗ ನೋಡುಗರು ಅಷ್ಟು ನೊಂದುಕೊಂಡದ್ದು ಇದೇ ಕಾರಣಕ್ಕೆ.

ಪುರಾವೆಯ ಬೆಲೆ ಮಸ್ಕಿಗೆ ಹೊಸದಲ್ಲ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಇಲ್ಲಿನ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೇ ಅಶೋಕನ ಹೆಸರಿತ್ತು. ಆ ಬಿರುದು ಯಾರದೆಂಬ ವಿದ್ವಾಂಸರ ಚರ್ಚೆ ಅದರಿಂದ ಬಗೆಹರಿಯಿತು. ಒಳ್ಳೆಯ ಅಪರಾಧ ಕಥನ ಕೊಡುವ ಸುಖವೂ ಇದೇ ಜಾತಿಯದು.

ಇನ್ನೊಂದು ಪಂಥ ಭಯವನ್ನೇ ನೆಚ್ಚಿಕೊಂಡದ್ದು. ಈಟಿವಿ ಕನ್ನಡದ ‘ಕ್ರೈಂ ಡೈರಿ’ಯನ್ನು ಎತ್ತಿ ನಿಲ್ಲಿಸಿದ್ದು ರವಿ ಬೆಳಗೆರೆಯವರ ದನಿ. ಬಳ್ಳಾರಿಯ ಆ ಮನುಷ್ಯನಿಗೆ ನಮ್ಮ ಸೀಮೆಯ ಬಿಸಿಲು, ಸಿಟ್ಟು, ಹಗೆ ಗೊತ್ತಿತ್ತು. ಹೀಗಾಗಿ ಅವರ ನಿರೂಪಣೆಗೆ ನೆಲದ ವಾಸನೆ ಇತ್ತು. ಸೋನಿ ಟಿವಿಯಲ್ಲಿ 1998ರಲ್ಲಿ ಆರಂಭವಾದ ‘ಸಿಐಡಿ’ 20 ವರ್ಷ ನಡೆದದ್ದು ಅದರ ಪೊಲೀಸ್ ಅಧಿಕಾರಿ ದಯಾ ಬಾಗಿಲು ಒಡೆಯುವ ಖುಷಿಗೆ; ಮಕ್ಕಳಿಗೆ ಅದು ಸಾಕು. ಕನ್ನಡದ ಅಪರಾಧ ಸರಣಿ ‘ಶಾಂತಂ ಪಾಪಂ’ ಕಂತುಗಳಲ್ಲಿ ಅಪರಾಧದ ಮೂಲ ಮತ್ತೆ ಮತ್ತೆ ಒಬ್ಬ ವ್ಯಕ್ತಿಯ ಆಸೆ, ಅನುಮಾನ, ಸಂಬಂಧಕ್ಕೆ ಬಂದು ನಿಲ್ಲುತ್ತದೆ. ಊರು, ಸಾಲ, ಜಾತಿ, ಅಧಿಕಾರ ಅಷ್ಟಾಗಿ ಒಳಗೆ ಬರುವುದಿಲ್ಲ. ಆರೋಪಿಗೆ ಬೇಡಿ ಬಿದ್ದ ಕೂಡಲೇ ಕಥೆ ಮುಗಿಯುವುದರಿಂದ ನೊಂದವರ ಮಾತು ಅರ್ಧಕ್ಕೇ ಉಳಿಯುತ್ತದೆ.

ಸೀತಾರಾಮ್ ಪಂಥವನ್ನು ಮೆಚ್ಚುತ್ತಲೇ ಒಂದು ಮಾತು ಹೇಳಬೇಕು. ಅದರ ನ್ಯಾಯ ಮಾತಾಡುವುದು ಬೆಂಗಳೂರು-ಮೈಸೂರು ಸೀಮೆಯ ಮಧ್ಯಮವರ್ಗದ ಕನ್ನಡ. ರಾಯಚೂರು ಕಡೆಯ ಮಾತು ಟಿವಿಗೆ ಬಂದರೆ ಹೆಚ್ಚಾಗಿ ನಗಿಸಲು, ಇಲ್ಲವೇ ಮನೆಗೆಲಸದವರ ಬಾಯಲ್ಲಿ. ನಮ್ಮಲ್ಲಿ ಅಪರಾಧ ಕಥನಕ್ಕೆ ವಸ್ತು ಇಲ್ಲವೇ? ತುಂಗಭದ್ರಾ ಎಡದಂಡೆ ಕಾಲುವೆಗೆ ಮೇಲ್ಭಾಗದಲ್ಲಿ ರಾತ್ರೋರಾತ್ರಿ ಪಂಪ್‌ಸೆಟ್ ಇಳಿಯುತ್ತದೆ, ಕೊನೆ ಭಾಗದ ಭತ್ತ ಕಾಳು ಕಟ್ಟುವ ಹೊತ್ತಿಗೆ ಒಣಗುತ್ತದೆ. ಕಳವಾದದ್ದು ನೀರು. ಕದ್ದವರು ಗೊತ್ತು, ದೂರು ಬರೆಯುವವರಿಲ್ಲ, ಗೇಜಿನ ಲೆಕ್ಕ ಕೇಳಿದರೆ ಯಾರೂ ತೋರಿಸುವುದಿಲ್ಲ. ಕೊನೆ ಭಾಗದ ರೈತ ಗೊಬ್ಬರದಂಗಡಿಯಲ್ಲಿ ಉದ್ರಿ ಬರೆಸಿದ್ದಾನೆ, ಹೊಲವನ್ನು ಲೀಸಿಗೆ ಹಿಡಿದಿದ್ದಾನೆ. ಪಹಣಿಯಲ್ಲಿ ಹೆಸರಿಲ್ಲದ್ದರಿಂದ ಪರಿಹಾರವೂ ಅವನಿಗಿಲ್ಲ. ಸಿಎಸ್‌ಪಿಯಂಥ ವಕೀಲ ಕೈಗೆತ್ತಿಕೊಂಡರೆ ಒಂದು ವರ್ಷದ ಕಂತುಗಳು ಈ ಒಂದೇ ಪ್ರಕರಣದಲ್ಲಿವೆ. ಇಂಥದನ್ನು ಬರೆಯುವವರು ಮೊದಲು ಸಿಂಧನೂರಿನ ನೀರಾವರಿ ಕಚೇರಿಯ ಮುಂದೆ ಒಂದು ಹಂಗಾಮು ಕೂರಬೇಕು. ‘ನಮ್ಮ ಹೊಲಕ್ಕ ನೀರ ಬಂದಿಲ್ಲರೀ’ ಎಂದು ಒಬ್ಬ ಹೆಣ್ಣುಮಗಳು ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳಿದರೆ, ಆ ಮಾತನ್ನು ತಿದ್ದದೆ ಹಾಗೇ ದಾಖಲಿಸಬೇಕು.