ಖರಿತಿಯೋನ್ ಎಂಬ ಕೂಸು

ಆಕ್ಸಿರಿಂಕಸ್ ಪ್ರಹಸನವೆಂಬ ಹಳೆಯ ಗ್ರೀಕ್ ನಾಟಕವನ್ನು ಮತ್ತೆ ಕೈಗೆತ್ತಿಕೊಂಡೆ, ಅದರ ನಾಯಕಿಯನ್ನು ಬಿಟ್ಟು ಮುಂದೆ ಹೋಗಲಾಗಲಿಲ್ಲ.

ಈಜಿಪ್ಟಿನ ತಿಪ್ಪೆದಿಬ್ಬದಲ್ಲಿ ಸಿಕ್ಕ ಅದರ ಪಪೈರಸ್ ಪ್ರತಿ 1903ರಲ್ಲಿ ಅಚ್ಚಾಯಿತು. ಅದರೊಳಗಿನ ಅರ್ಥವಾಗದ ಮಾತುಗಳು ಕನ್ನಡವಿರಬೇಕೆಂದು ವಿದ್ವಾಂಸ ಹುಲ್ಟ್ಷ್ ಮರುವರ್ಷವೇ ಹೇಳಿದರು. ವಿದ್ವಾಂಸರಲ್ಲಿ ಶಾಮಾಶಾಸ್ತ್ರಿ, ಗೋವಿಂದ ಪೈ ಆ ವಾದವನ್ನು ಬೆಳೆಸಿದರು, ಬಾರ್ನೆಟ್ ಒಪ್ಪಲಿಲ್ಲ. ನಾಟಕದಲ್ಲಿ ಬರುವ ಪರದೇಶದ ರಾಜನ ಮಾತು ಕನ್ನಡವೋ ಅಲ್ಲವೋ ಎಂದು ನೂರು ವರ್ಷ ಜಗ್ಗಾಡಿದ ನಾವು ಆ ನಾಯಕಿಯ ಹೆಸರನ್ನು ಬಿಡಿಸಿ ನೋಡಿದ್ದು ತೀರ ಕಡಿಮೆ. ಇದು ನನ್ನ ಹಳೆಯ ತಕರಾರು. ಇಂಗ್ಲಿಷಿನ ದಾರಿಯಲ್ಲಿ ಬಂದು ‘ಚಾರಿಷನ್’ ಆದವಳು ಗ್ರೀಕರ ಬಾಯಲ್ಲಿ ಖರಿತಿಯೋನ್.

ಮೂಲ ‘ಖರಿಸ್’. ಸೊಬಗು, ಅನುಗ್ರಹ, ಉಪಕಾರ, ಆ ಉಪಕಾರದ ನೆನಹು ಎಲ್ಲವೂ ಅದೇ. ಕೊಟ್ಟವರ ಕಡೆಯಿಂದ ನೋಡಿದರೂ ಖರಿಸ್, ಪಡೆದವರ ಕಡೆಯಿಂದ ನೋಡಿದರೂ ಖರಿಸ್. ಇಂದಿಗೂ ಗ್ರೀಕರು ಧನ್ಯವಾದ ಹೇಳುವ ‘ಎಫ್ಖರಿಸ್ತೊ’ದಲ್ಲಿ ಅದು ಉಳಿದಿದೆ. ಇಷ್ಟನ್ನೆಲ್ಲ ‘ಚೆಲುವೆ’ ಎಂಬ ಒಂದೇ ಮಾತಿನಲ್ಲಿ ಮುಗಿಸುವ ಹೆಸರುಪಟ್ಟಿಗಳನ್ನು ನಾನು ಸಹಿಸಲಾರೆ.

ಬಾಲದಲ್ಲಿರುವ ‘ಇಯೋನ್’ ಮುದ್ದಿನ ಪ್ರತ್ಯಯ, ವ್ಯಾಕರಣದಲ್ಲಿ ನಪುಂಸಕಲಿಂಗ. ಟೆರೆನ್ಸ್ ಕವಿಯ ‘ಆಂಡ್ರಿಯಾ’ ನಾಟಕದ ಗ್ಲಿಸೆರಿಯಂ ಕೂಡ ಇದೇ ಅಚ್ಚಿನವಳು. ಹೆಣ್ಣಿಗೆ ನಪುಂಸಕವೇ ಎಂದು ಹುಬ್ಬೇರಿಸುವವರು ಕರಾವಳಿಯ ಹವ್ಯಕರ ಮನೆಯಲ್ಲಿ ಮಗಳನ್ನು ‘ಕೂಸು ಬಂತು’ ಎನ್ನುವುದನ್ನು ಒಮ್ಮೆ ಕೇಳಬೇಕು. ಅಲ್ಲಿ ತಾತ್ಸಾರವೇನೂ ಇಲ್ಲ.

ಪ್ರಹಸನದ ಹಾಳೆಯಲ್ಲಿ ಮಾತಿನ ಪಕ್ಕ ಪಾತ್ರದ ಹೆಸರಿಲ್ಲ, ಅಕ್ಷರದ ಗುರುತು ಮಾತ್ರ. ಅವಳ ಹೆಸರು ನಮಗೆ ತಿಳಿಯುವುದೇ ಬೇರೆಯವರು ಅವಳನ್ನು ಕೂಗಿದಾಗ. ಪರದೇಶದ ಚಂದ್ರದೇವತೆಯ ಗುಡಿಯಲ್ಲಿ ಸೆರೆಯಾಗಿರುವ ಅವಳನ್ನು ಬಿಡಿಸಲು ಅಣ್ಣನ ಹಡಗು ಬಂದಿದೆ. ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಕೆಡವುವ ಹೂಟವಿದೆ. ಈ ಗಡಿಬಿಡಿಯಲ್ಲಿ ವಿದೂಷಕ, ಹೋಗುವಾಗ ದೇವಿಯ ಕಾಣಿಕೆಯಲ್ಲೂ ಒಂದಿಷ್ಟು ಬಾಚಿಕೊಳ್ಳೋಣ ಎಂದು ಅವಳಿಗೇ ಹೇಳುತ್ತಾನೆ. ಅವಳು ಅವನ ಬಾಯಿ ಮುಚ್ಚಿಸುತ್ತಾಳೆ: ಪಾಪ ಮಾಡುತ್ತಲೇ ಕೈಮುಗಿದರೆ ದೇವರು ಕೇಳುವುದುಂಟೆ ಎಂಬುದು ಅವಳ ಮಾತಿನ ತಾತ್ಪರ್ಯ. ಅಸಭ್ಯ ಹಾಸ್ಯವೇ ತುಂಬಿದ ಆಟದಲ್ಲಿ ಅನುಗ್ರಹದ ನ್ಯಾಯವನ್ನು ಬಲ್ಲವಳು ಇವಳೊಬ್ಬಳೇ. ಬರೆದವನು ಈ ಹೆಸರನ್ನು ತೂಗಿನೋಡಿಯೇ ಇಟ್ಟಿದ್ದಾನೆಂದು ನನ್ನ ನಂಬಿಕೆ.