ಐದು ತಾಲ್ಲೂಕಿನ ಪ್ರದಕ್ಷಿಣೆ

ಗಾಡಿ ಓಡಿಸುವ ಹುಚ್ಚಿರುವ ಗೆಳೆಯರು ಈಚೆಗೆ ಒಂದೇ ರಾಗ ಎಳೆಯುತ್ತಾರೆ. ಸ್ಕಾಟ್ಲೆಂಡಿನ ಯಾವುದೋ ದ್ವೀಪಕ್ಕೆ ಹೋಗಬೇಕು, ಬೋಳು ಬಂಡೆಗಳ ನಡುವಿನ ಕಿರುದಾರಿಯಲ್ಲಿ ದ್ವೀಪವನ್ನೊಂದು ಸುತ್ತು ಹಾಕಬೇಕು, ಎದುರು ಗಾಡಿ ಬಂದರೆ ಪಕ್ಕಕ್ಕೆ ಸರಿದು ಕೈ ಎತ್ತಬೇಕು. ಹೋಗಿಬನ್ನಿ, ಬೇಡ ಎಂದವರಾರು? ವೀಸಾ ಬರುವ ತನಕ ಕೂಡ್ಲಿಗಿಯಿಂದ ಹೊರಟು ಕೊಟ್ಟೂರು, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಮುಟ್ಟಿ ಮತ್ತೆ ಕೂಡ್ಲಿಗಿಗೆ ಬನ್ನಿ. ಅಡ್ಡದಾರಿಗಳನ್ನೂ ಸೇರಿಸಿದರೆ ಇನ್ನೂರೈವತ್ತು ಕಿಲೋಮೀಟರಿನ ಆಸುಪಾಸು. ಒಂದೇ ದಿನದಲ್ಲಿ ಮುಗಿಸಬಹುದು, ಮುಗಿಸಬಾರದು. ಎರಡು ದಿನ, ನಡುವೆ ಒಂದು ರಾತ್ರಿ.

ದಿಕ್ಕಿನ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ದೇವಸ್ಥಾನ ಸುತ್ತುವ ಹಾಗೆ ಬಲಕ್ಕೇ ಸುತ್ತಬೇಕು. ಶಾಸ್ತ್ರ ಹೇಳಿದೆ ಎಂದಲ್ಲ. ಮೂಡಣದ ಕೂಡ್ಲಿಗಿ ಸೀಮೆ ಕಲ್ಲಿನದು, ಮಳೆ ಕಡಿಮೆಯದು. ಪಡುವಲಿಗೆ ಹೋದಂತೆ ನೆಲ ಕಪ್ಪಾಗುತ್ತದೆ, ಕೊನೆಗೆ ತುಂಗಭದ್ರೆ ಸಿಗುತ್ತದೆ. ಕಲ್ಲು ಮೊದಲು ನೋಡಿದವನಿಗೆ ನೀರಿನ ಬೆಲೆ ಗೊತ್ತಾಗುತ್ತದೆ. ತಿರುಗಿಸಿ ಹೋದರೆ ಹೊಳೆ ನೋಡಿದ ಕಣ್ಣಿಗೆ ಕೂಡ್ಲಿಗಿ ಬರೀ ಬಿಸಿಲು.

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇರುವ ಸ್ಮಾರಕವಿದೆ. ಹೆದ್ದಾರಿಯಲ್ಲಿ ಹಾದುಹೋಗುವ ಸಾವಿರ ಗಾಡಿಗಳಲ್ಲಿ ಒಂದೆರಡು ನಿಂತರೆ ಹೆಚ್ಚು. ಅಲ್ಲಿಂದ ಹೊಸಪೇಟೆ–ಚಿತ್ರದುರ್ಗದ ರಾಷ್ಟ್ರೀಯ ಹೆದ್ದಾರಿ 50ನ್ನು ಬಿಟ್ಟು ಗುಡೇಕೋಟೆಯ ದಾರಿ ಹಿಡಿಯಿರಿ. ಒಂದರ ಮೇಲೊಂದು ಕೂತ ದುಂಡು ಬಂಡೆಗಳು, ಅವುಗಳ ಸಂದಿಯಲ್ಲೇ ಪಾಳೆಯಗಾರರು ಕಟ್ಟಿಸಿದ ಕೋಟೆ. ಬಂಡೆ ಯಾವುದು ಗೋಡೆ ಯಾವುದು ಎಂದು ದೂರದಿಂದ ಹೇಳಲಾಗದು. ಒನಕೆ ಓಬವ್ವ ನಮ್ಮೂರ ಮಗಳು ಎಂದು ಇಲ್ಲಿಯವರು ಎದೆಯುಬ್ಬಿಸಿ ಹೇಳುತ್ತಾರೆ. 2013ರಲ್ಲಿ ಈ ಗುಡ್ಡಗಳು ಕರಡಿಧಾಮವಾದವು. ಹಗಲಲ್ಲಿ ಕರಡಿ ಕಾಣುವ ಆಸೆ ಬೇಡ, ಕತ್ತಲಾದ ಮೇಲೆ ಗಾಡಿ ಇಳಿಯುವ ಸಾಹಸವೂ ಬೇಡ.

ಮತ್ತೆ ಹೆದ್ದಾರಿ ದಾಟಿ ಕುಮತಿಗೆ ಬನ್ನಿ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಕ್ಯಾಲನಿಷ್ ಎಂಬಲ್ಲಿ ಐದು ಸಾವಿರ ವರ್ಷದ ಹಿಂದೆ ನಿಲ್ಲಿಸಿದ ಕಲ್ಲುಗಳಿವೆ, ಜಗತ್ತೆಲ್ಲ ಹೋಗಿ ಫೋಟೊ ಹಿಡಿಯುತ್ತದೆ. ಕುಮತಿಯವು ಅಷ್ಟು ಹಳೆಯವಲ್ಲ, ಬೃಹತ್ ಶಿಲಾಸಂಸ್ಕೃತಿಯ ಕಾಲದವು. ಆದರೆ ಕ್ಯಾಲನಿಷ್‌ನವು ಕಲ್ಲಾಗಿಯೇ ನಿಂತ ಕಲ್ಲು; ಇವು ಮನುಷ್ಯನಾಗಲು ಹೊರಟ ಕಲ್ಲು. ಆಳೆತ್ತರಕ್ಕೂ ಮೀರಿದ ಚಪ್ಪಡಿ, ಅಗಲವಾದ ಹೆಗಲು, ನಡುವೆ ತಲೆಯ ಆಕಾರದ ಒಂದು ಗುಂಡು. ಕಣ್ಣಿಲ್ಲ, ಮೂಗಿಲ್ಲ. ಸತ್ತವರ ನೆನಪಿಗೆ ನಿಲ್ಲಿಸಿದ್ದು ಎನ್ನುತ್ತಾರೆ ಬಲ್ಲವರು. ಸುತ್ತ ಹೊಲ, ದನ ಮೇಯುತ್ತಿರುತ್ತವೆ. ಟಿಕೆಟ್ ಇಲ್ಲ, ಗೈಡ್ ಇಲ್ಲ. ಹೊಲದವರನ್ನು ಕೇಳಿ, 'ಬರ್ರಿ ಅಣ್ಣಾರ, ತೋರಸ್ತೀನಿ' ಎಂದು ಮುಂದೆ ನಡೆಯುತ್ತಾರೆ. ಬೆಳೆ ತುಳಿಯದೆ ಬದುವಿನ ಮೇಲೆ ನಡೆಯುವುದು ನಿಮ್ಮ ಮರ್ಯಾದೆ.

ಇಲ್ಲಿಂದ ಮುಂದಿನದೇ ಈ ಸುತ್ತಿನ ನಿಜವಾದ ಓಡಾಟ: ಎರಡು ಗಾಡಿ ಎದುರಾದರೆ ಒಂದು ಮಣ್ಣಿಗಿಳಿಯಲೇಬೇಕಾದ ಡಾಂಬರು ದಾರಿ. ಸುಗ್ಗಿಯಲ್ಲಿ ಈ ದಾರಿಯೇ ಕಣ. ರಾಗಿ, ನವಣೆ, ಹುರುಳಿಯನ್ನು ರಸ್ತೆಗೆ ಹರವಿ ನಮ್ಮ ಚಕ್ರಗಳಿಂದ ಒಕ್ಕಣೆ ಮಾಡಿಸುತ್ತಾರೆ. ತೆನೆಯ ಮೇಲೆ ಹಾಯುವುದು ಚಕ್ರಕ್ಕೆ ಸುಖವೇ. ಹುರುಳಿಬಳ್ಳಿ ಮಾತ್ರ ಅಪಾಯ, ಗಾಡಿಯ ಅಡಿಗೆ ಸುತ್ತಿಕೊಂಡು ಕಾವು ಏರಿ ಬೆಂಕಿ ಹತ್ತಿದ ಸುದ್ದಿಗಳನ್ನು ವರ್ಷವೂ ಓದುತ್ತೇವೆ. ಹುರುಳಿ ಕಂಡರೆ ನಿಧಾನಿಸಿ, ಪಕ್ಕದಲ್ಲಿ ಜಾಗವಿದ್ದರೆ ಬಳಸಿ ಹೋಗಿ. ಹರವಿದವರ ಮೇಲೆ ರೇಗಬೇಡಿ. ಕಣ ಮಾಡುವ ಜಾಗಕ್ಕೂ ಈಗ ಸೈಟಿನ ಬೆಲೆ ಬಂದಿದೆ.

ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯ ಬಗ್ಗೆ ಈ ಸೀಮೆಯ ಮಾತೊಂದಿದೆ: ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು. ಒಳಗಿನ ಕಂಬ, ಭುವನೇಶ್ವರಿಗಳ ಕೆತ್ತನೆ ನೋಡಿದರೆ ಮಾತು ಸುಳ್ಳಲ್ಲ. ವೀರಶೈವರ ಪಂಚಪೀಠಗಳಲ್ಲಿ ಒಂದು ಇದು. ಜಾತ್ರೆಯಲ್ಲಿ ಇಲ್ಲಿ ದೇವರಿಗಷ್ಟೇ ಅಲ್ಲ, ಶಿಖರಕ್ಕೂ ಎಣ್ಣೆಮಜ್ಜನ. ಆ ತೈಲ ಜರಿಮಲೆಯ ಪಾಳೆಯಗಾರರ ಮನೆತನದಿಂದ ಬರುವುದು ವಾಡಿಕೆ. ರಾಜ್ಯ ಹೋಗಿ ಎಷ್ಟೋ ಕಾಲವಾದರೂ ಎಣ್ಣೆಯ ಬಾಬ್ತು ಉಳಿದಿದೆ.

ಕೊಟ್ಟೂರು ಮುಟ್ಟಿದಾಗ ಹಸಿವಾಗಿರಬೇಕು. ವಗ್ಗರಣಿ, ಮಿರ್ಚಿ, ಮೇಲೊಂದು ಚಹಾ. ಮಂಡಕ್ಕಿ ನೆನೆದು ಮೆತ್ತಗಾಗಿರಬೇಕು, ಮುದ್ದೆಯಾಗಿರಬಾರದು. ಮಿರ್ಚಿ ಕಣ್ಣೆದುರೇ ಬಾಣಲೆಯಿಂದ ಎದ್ದಿರಬೇಕು. ಈ ಎರಡು ಷರತ್ತು ಪಾಲಿಸುವ ತಳ್ಳುಗಾಡಿಯ ಮುಂದೆ ದೊಡ್ಡ ಹೋಟೆಲು ಏನೂ ಅಲ್ಲ. ಗುರು ಕೊಟ್ಟೂರೇಶ್ವರನ ತೇರು ಮಾಘ ಬಹುಳದಲ್ಲಿ. 2017ರಲ್ಲಿ ತೇರು ಎಳೆಯುವಾಗ ಅಚ್ಚು ಮುರಿದು ಇಡೀ ತೇರು ಉರುಳಿತ್ತು, ಆಮೇಲೆ ಹೊಸದನ್ನು ಕಟ್ಟಿಸಿದರು. ಆ ದಿನಗಳಲ್ಲಿ ದಾವಣಗೆರೆ ಕಡೆಯಿಂದ ಸಾವಿರಾರು ಜನ ರಾತ್ರಿಯಿಡೀ ನಡೆದು ಬರುತ್ತಾರೆ. ಆಗ ಆ ದಾರಿ ನಡೆಯುವವರದು, ಗಾಡಿಯವರದಲ್ಲ. ಮೈಲಾರದ ಕಾರ್ಣಿಕ, ಕುರುವತ್ತಿಯ ಶಿವರಾತ್ರಿ ಎಲ್ಲವೂ ಅದೇ ತಿಂಗಳ ಆಚೀಚೆ. ಜಾತ್ರೆ ಬೇಕಿದ್ದವರು ಆಗ ಬರಲಿ, ಗಾಡಿ ಓಡಿಸುವ ಸುಖ ಬೇಕಿದ್ದವರು ಡಿಸೆಂಬರ್, ಜನವರಿಯಲ್ಲಿ ಬರಲಿ. ನನ್ನ ಮತ ಎರಡನೆಯದಕ್ಕೆ.

ಹರಪನಹಳ್ಳಿಯ ಬೀದಿಯಲ್ಲಿ ನಂಬರ್ ಪ್ಲೇಟು ಓದುವುದು ಒಂದು ಚಟ. ಕೆಎ 17, ಕೆಎ 35 ಅಕ್ಕಪಕ್ಕ ನಿಂತಿರುತ್ತವೆ. ಬಳ್ಳಾರಿಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, ಎರಡು ದಶಕದ ಬಳಿಕ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಕೂತ ಜಾಗ ಬಿಟ್ಟು ಕದಲದೆ ಇಷ್ಟು ಊರು ತಿರುಗಿದ ತಾಲ್ಲೂಕು ಇನ್ನೊಂದಿರಲಿಕ್ಕಿಲ್ಲ. ಬೀಚಿ ಹುಟ್ಟಿದ್ದು ಇಲ್ಲೇ, 1913ರಲ್ಲಿ; ಅವರ ತಿಮ್ಮ ಇದ್ದಿದ್ದರೆ ಒಂದು ಮಾತು ಆಡದೆ ಬಿಡುತ್ತಿರಲಿಲ್ಲ.

ತೆಂಕಲಿಗೆ ಉಚ್ಚಂಗಿದುರ್ಗವಿದೆ. ನೊಳಂಬರು, ಪಾಂಡ್ಯರು ಆಳಿದ ಕೋಟೆ, ಮೇಲೆ ಉಚ್ಚಂಗಮ್ಮ. ಮೊಣಕಾಲು ಗಟ್ಟಿಯಿದ್ದವರು ಹತ್ತಲಿ, ಒಂದು ಅರ್ಧ ದಿನ ಹೋಯಿತೆಂದೇ ಲೆಕ್ಕ. ನನಗೆ ಎರಡರಲ್ಲಿ ಒಂದು ಆರಿಸು ಎಂದರೆ ಬಡಗಲಿನ ಬಾಗಳಿಯನ್ನು ಆರಿಸುತ್ತೇನೆ. ಕೆರೆಯ ಪಕ್ಕದ ಕಲ್ಲೇಶ್ವರ ಗುಡಿ. 987ರ ಶಾಸನ ಚಾಲುಕ್ಯ ಇಮ್ಮಡಿ ತೈಲಪನ ಕಾಲದ್ದು. ತಿರುಗಣಿಯಲ್ಲಿ ಕಡೆದ ಕಂಬಗಳು ಒಂದೊಂದೂ ಬೇರೆ, ಬೆಳಕು ಬಿದ್ದ ಕಡೆ ಕನ್ನಡಿಯ ಹೊಳಪು. ಗರ್ಭಗುಡಿಯ ಬಾಗಿಲುವಾಡದ ಮುಂದೆ ಕೂತರೆ ಗಂಟೆ ಕಳೆದದ್ದು ತಿಳಿಯದು. ಹೊರಗೋಡೆಯ ಮಿಥುನ ಶಿಲ್ಪಗಳನ್ನಷ್ಟೇ ನೋಡಿ ಕಿಸಕ್ಕೆಂದು ನಕ್ಕು ಹೋಗುವವರು ಒಳಗಿನದನ್ನೆಲ್ಲ ಕಳೆದುಕೊಳ್ಳುತ್ತಾರೆ. ಸಮಯವಿದ್ದರೆ ನೀಲಗುಂದದ ಭೀಮೇಶ್ವರನನ್ನೂ ನೋಡಿ.

ಎರಡನೆಯ ದಿನ ಬೆಳಿಗ್ಗೆ ಕುರುವತ್ತಿ. ಮೆಕ್ಕೆಜೋಳದ ಹೊಲಗಳ ನಡುವೆ ದಾರಿ ಇಳಿಯುತ್ತ ಹೋಗುತ್ತದೆ, ಗಾಳಿಯಲ್ಲಿ ತಂಪು ಸೇರುತ್ತದೆ, ಥಟ್ಟನೆ ಹೊಳೆ. ಆಚೆ ದಡ ಹಾವೇರಿ ಜಿಲ್ಲೆ. ಚಾಲುಕ್ಯ ದೊರೆ ಆಹವಮಲ್ಲ ಸೋಮೇಶ್ವರ ವಾಸಿಯಾಗದ ಜ್ವರಕ್ಕೆ ಬೇಸತ್ತು 1068ರ ಮಾರ್ಚಿನಲ್ಲಿ ಈ ಹೊಳೆಗೇ ಇಳಿದು ಪ್ರಾಣಬಿಟ್ಟ. ಚೋಳರೊಂದಿಗೆ ಜೀವಮಾನವಿಡೀ ಕಾದಾಡಿದವನು, ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡವನು, ಸಾಯಲು ಆರಿಸಿದ್ದು ಈ ತಿರುವನ್ನು. ಅವನ ಮಗ ಆರನೆಯ ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣ ಈ ಸಾವನ್ನು ತನ್ನ ಕಾವ್ಯದಲ್ಲಿ ವಿಸ್ತಾರವಾಗಿ ಬಣ್ಣಿಸಿದ್ದಾನೆ. ಮಲ್ಲಿಕಾರ್ಜುನ ಗುಡಿಯ ಮದನಿಕೆಯರನ್ನು ನೋಡದೆ ಹೊರಡಬೇಡಿ. ಬೇಲೂರಿನ ಮದನಿಕೆಯರ ಹೆಸರು ಎಲ್ಲರ ಬಾಯಲ್ಲಿದೆ. ಇವರು ಅವರಿಗಿಂತ ಹಿರಿಯರು, ಒಡವೆ ಕಡಿಮೆ, ಬಳುಕು ಹೆಚ್ಚು. ನನ್ನ ಮಟ್ಟಿಗೆ ಕುರುವತ್ತಿಯವರೇ ಚೆಲುವೆಯರು. ಬೇಲೂರಿನವರು ಸಿಟ್ಟಾದರೆ ಆಗಲಿ.

ಹತ್ತಿರದಲ್ಲೇ ಮೈಲಾರ. ಕಾರ್ಣಿಕದ ದಿನ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದರೆ ಲಕ್ಷ ಜನರ ಡೆಂಕನಮರಡಿ ಉಸಿರು ಬಿಗಿಹಿಡಿಯುತ್ತದೆ. ಒಂದೇ ಮಾತು ನುಡಿದು ಅವನು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಆ ಒಂದು ಮಾತಿನ ಮೇಲೆ ವರ್ಷವಿಡೀ ಮಳೆಯ, ಸರ್ಕಾರದ ಲೆಕ್ಕಾಚಾರ. ಉಳಿದ ದಿನಗಳಲ್ಲಿ ಆ ಬಯಲು ಖಾಲಿ. ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಲು ಒಳ್ಳೆಯ ಜಾಗ.

ಹಡಗಲಿ ಎಂದರೆ ಮಲ್ಲಿಗೆ. ಮೈಸೂರು, ಉಡುಪಿಯ ಮಲ್ಲಿಗೆಗಳಂತೆ ಹಡಗಲಿಯದಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ಚಳಿಗಾಲದಲ್ಲಿ ಮೊಗ್ಗು ಕಡಿಮೆ, ದರ ಏರು. ನಾನು ಹೇಳಿದ ತಿಂಗಳಲ್ಲಿ ಬಂದವರು ಕೊಡಬೇಕಾದ ದಂಡ ಇದು. ಸಿಕ್ಕಿದರೆ ಅರಳಿದ್ದನ್ನು ಬಿಟ್ಟು ಬಿಗಿಮೊಗ್ಗನ್ನೇ ಕೊಳ್ಳಿ. ಗಾಡಿಯ ಡ್ಯಾಶ್‌ಬೋರ್ಡಿನ ಮೇಲಿಟ್ಟರೆ ಬಿಸಿಲಿಗೆ ಗಂಟೆಯೊಳಗೆ ಕಂದುತ್ತದೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ಸೀಟಿನ ಕೆಳಗಿಡಿ.

ಹಗರಿಬೊಮ್ಮನಹಳ್ಳಿಯನ್ನು ಊಟಕ್ಕಷ್ಟೇ ಬಳಸಿ, ಸಂಜೆ ನಾಲ್ಕರ ಹೊತ್ತಿಗೆ ಅಂಕಸಮುದ್ರದ ಕೆರೆ ಏರಿಯ ಮೇಲಿರಿ. ತುಂಗಭದ್ರೆಯ ಹಿನ್ನೀರಿಗೆ ಸಮೀಪದ, ನೂರು ಹೆಕ್ಟೇರಿಗೆ ತುಸು ಕಡಿಮೆಯ ಹಳೆಯ ಕೆರೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ನೀರಲ್ಲಿ ನಿಂತ ಕರಿಜಾಲಿ ಮರಗಳ ತುಂಬ ಬಣ್ಣದ ಕೊಕ್ಕರೆ, ಬಾಯ್ಕಳಕ, ಕೆಂಬರಲು. ಇಲ್ಲಿ ಹಾರ್ನ್ ಮುಟ್ಟಿದವರನ್ನು ನಾನು ಜೊತೆಗೆ ಕರೆದೊಯ್ಯುವುದಿಲ್ಲ.

ಹೊಸಪೇಟೆ ಕಡೆಯಿಂದ ಬರುವವರಿಗೆ ಒಂದು ತೊಡಕಿದೆ: ಅವರಿಗೆ ಅಂಕಸಮುದ್ರವೇ ಮೊದಲು ಹತ್ತಿರ. ಅಲ್ಲಿಗೆ ತಿರುಗಬೇಡಿ. ಮರಿಯಮ್ಮನಹಳ್ಳಿ ದಾಟಿ ಹೆದ್ದಾರಿಯಲ್ಲೇ ಕೂಡ್ಲಿಗಿ ತನಕ ಬಂದು, ಅಲ್ಲಿ ಟ್ಯಾಂಕು ತುಂಬಿಸಿ, ಚಕ್ರದ ಗಾಳಿ ನೋಡಿಸಿಕೊಂಡು ಗುಡೇಕೋಟೆಯ ದಾರಿ ಹಿಡಿಯಿರಿ. ಬೆಂಗಳೂರಿನಿಂದ ಬರುವವರಿಗೆ ಆ ತೊಡಕೂ ಇಲ್ಲ. ಚಿತ್ರದುರ್ಗ ದಾಟಿ ಅದೇ ಹೆದ್ದಾರಿಯಲ್ಲಿ ಬೆಳಿಗ್ಗೆ ಹತ್ತರೊಳಗೆ ಕೂಡ್ಲಿಗಿ ಸೇರಿದರೆ, ಬಾಗಳಿಯ ಕಂಬಗಳಿಗೆ ಇಳಿಬಿಸಿಲು ಬೀಳುವ ಹೊತ್ತಿಗೆ ನೀವು ಅಲ್ಲಿರುತ್ತೀರಿ.