ಮೆದುಳನ್ನು ಸಾಕ್ಷಿಕಟ್ಟೆಗೆ ಎಳೆದಾಗ

ವಿಜ್ಞಾನಕ್ಕಿಂತ ಯಂತ್ರದ ಮೇಲೆಯೇ ನಮಗೆ ಹೆಚ್ಚು ನಂಬಿಕೆ. ಮನುಷ್ಯ ಸುಳ್ಳು ಹೇಳಬಹುದು, ಯಂತ್ರ ಹೇಳುವುದಿಲ್ಲ ಎಂದುಕೊಂಡಿದ್ದೇವೆ. ಯಂತ್ರ ಗೀಚಿದ ಗೆರೆಗೆ ಅರ್ಥ ಹೇಳುವವನೂ ಮನುಷ್ಯನೇ ಎಂಬುದನ್ನು ಮರೆಯುತ್ತೇವೆ. ಈ ಮರೆವಿನ ಬೆಲೆಯೇನೆಂದು ತಿಳಿಯಬೇಕಾದರೆ ನಾರ್ಕೊ ಅನಾಲಿಸಿಸ್ ಮತ್ತು ಬ್ರೈನ್ ಮ್ಯಾಪಿಂಗ್‌ಗಳ ಚರಿತ್ರೆಯನ್ನು ನೋಡಬೇಕು. ಅದರ ಮುಖ್ಯ ಅಧ್ಯಾಯಗಳು ನಡೆದದ್ದು ನಮ್ಮ ಬೆಂಗಳೂರಿನಲ್ಲೇ.

ಸೋಡಿಯಂ ಪೆಂಟೊಥಾಲ್ ಶಸ್ತ್ರಚಿಕಿತ್ಸೆಗೆ ಮುನ್ನ ಪ್ರಜ್ಞೆ ತಪ್ಪಿಸಲು ಬಳಸುತ್ತಿದ್ದ ಔಷಧಿ. ಅಳತೆ ನೋಡಿ ಕೊಟ್ಟರೆ ಮನುಷ್ಯ ಅರೆಪ್ರಜ್ಞೆಗೆ ಜಾರುತ್ತಾನೆ, ನಾಲಿಗೆಯ ಕಡಿವಾಣ ಸಡಿಲವಾಗುತ್ತದೆ. ಆಗ ಹೊರಬರುವ ಮಾತಿನಲ್ಲಿ ನೆನಪಿನ ಜೊತೆ ಕನಸು, ಭಯ, ಕೇಳುವವರೇ ಬಾಯಿಗೆ ತುರುಕಿದ ಉತ್ತರ ಎಲ್ಲವೂ ಕಲಸಿರುತ್ತವೆ. ಛಾಪಾ ಕಾಗದ ಹಗರಣದ ತೆಲಗಿ ಇಂಥ ಸ್ಥಿತಿಯಲ್ಲಿ ಮಾತಾಡಿದ್ದನ್ನು ಟಿ.ವಿ. ಚಾನೆಲ್‌ಗಳು ಮನೆಮನೆಗೆ ತೋರಿಸಿದವು. 2008ರಲ್ಲಿ ನೋಯ್ಡಾದ ಆರುಷಿ ಕೊಲೆ ಪ್ರಕರಣದಲ್ಲಿ ಕ್ಲಿನಿಕ್ಕಿನ ಸಹಾಯಕನನ್ನೂ ಮನೆಗೆಲಸದ ಹುಡುಗರನ್ನೂ ಪರೀಕ್ಷೆಗೊಳಪಡಿಸಿ ಬಂಧಿಸಲಾಯಿತು. ಕೊನೆಗೆ ಅವರ ಮೇಲೆ ಆರೋಪಪಟ್ಟಿ ಸಲ್ಲಿಸುವಷ್ಟು ಪುರಾವೆಯೂ ಸಿಗಲಿಲ್ಲ. ಆದರೆ ಅಷ್ಟರಲ್ಲಿ ದೇಶದ ಕಣ್ಣಿನಲ್ಲಿ ಆ ಬಡ ಹುಡುಗರು ಕೊಲೆಗಾರರಾಗಿಬಿಟ್ಟಿದ್ದರು.

ಬ್ರೈನ್ ಮ್ಯಾಪಿಂಗ್‌ನಲ್ಲಿ ಸೂಜಿಯಿಲ್ಲ. ತಲೆಗೆ ವಿದ್ಯುದ್ವಾರಗಳ ಟೋಪಿ ತೊಡಿಸಿ, "ನಾನು ವಿಷ ಕೊಂಡೆ" ಎಂಬಂಥ ವಾಕ್ಯಗಳನ್ನು ಕೇಳಿಸುತ್ತಾರೆ. ಆರೋಪಿ ತುಟಿ ಬಿಚ್ಚಬೇಕಿಲ್ಲ. ಅನುಭವದ ನೆನಪಿದ್ದರೆ ಮೆದುಳಿನ ಅಲೆಗಳೇ ಹೇಳುತ್ತವೆ ಎಂಬುದು ವಾದ. 2008ರ ಜೂನ್‌ನಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಇಂಥ ಪರೀಕ್ಷೆಯನ್ನೂ ಆಧಾರವಾಗಿಟ್ಟುಕೊಂಡು ಯುವತಿಯೊಬ್ಬಳಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದೆ ಬಾಂಬೆ ಹೈಕೋರ್ಟ್ ಆಕೆಗೆ ಜಾಮೀನು ಕೊಟ್ಟಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಈ ವಿಧಾನ ವೈಜ್ಞಾನಿಕವಲ್ಲ, ನ್ಯಾಯಾಲಯದಲ್ಲಿ ಪುರಾವೆಯಾಗಿ ಬಳಸಬಾರದು ಎಂದಿತು.

ಕತೆ ಬರೆಯುವ ನಮಗೆ ಈ ತೀರ್ಮಾನ ಆಶ್ಚರ್ಯ ತರಲಿಲ್ಲ. ನೆನಪು ಬೀಗ ಹಾಕಿಟ್ಟ ಪೆಟ್ಟಿಗೆಯಂತಿರುವುದಿಲ್ಲ. ಪ್ರತಿ ಸಲ ತೆಗೆದಾಗಲೂ ನಾವು ಅದನ್ನು ಹೊಸದಾಗಿ ಕಟ್ಟುತ್ತೇವೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಚಿತ್ರ ತೋರಿಸಿ ವೇಗ ಎಷ್ಟಿತ್ತೆಂದು ಕೇಳಿದರು. ಪ್ರಶ್ನೆಯಲ್ಲಿ "ತಾಗಿದಾಗ" ಎನ್ನುವ ಬದಲು "ಅಪ್ಪಳಿಸಿದಾಗ" ಎಂದದ್ದೇ ತಡ, ಜನ ಹೇಳಿದ ವೇಗ ಏರಿತು. ಒಂದು ವಾರದ ನಂತರ, ಚಿತ್ರದಲ್ಲಿ ಇಲ್ಲದ ಒಡೆದ ಗಾಜನ್ನು ಕಂಡೆವೆಂದವರೂ ಅವರಲ್ಲೇ ಹೆಚ್ಚು. ಒಂದು ಕ್ರಿಯಾಪದಕ್ಕೇ ಇಷ್ಟು ಬಲವಿದ್ದರೆ, ದಿನಗಟ್ಟಲೆ ಲಾಕಪ್ಪಿನಲ್ಲಿ ಅಪರಾಧದ ವಿವರಗಳನ್ನೇ ಕೇಳುತ್ತ ಕೂತವನ ತಲೆಯಲ್ಲಿ ಏನೇನು ಮೂಡೀತು? ಮಾಡಿದ್ದರ ನೆನಪು ಯಾವುದು, ಕೇಳಿದ್ದರ ನೆನಪು ಯಾವುದು ಎಂದು ಟೋಪಿ ಹೇಗೆ ವಿಂಗಡಿಸೀತು?

ನ್ಯಾಯಾಲಯ ಎಚ್ಚೆತ್ತದ್ದು ನಮ್ಮ ರಾಜ್ಯದ ಹೆಸರು ಹೊತ್ತ ಪ್ರಕರಣದಲ್ಲೇ. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಣ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಯಾರನ್ನೂ ನಾರ್ಕೊ, ಬ್ರೈನ್ ಮ್ಯಾಪಿಂಗ್, ಪಾಲಿಗ್ರಾಫ್ ಪರೀಕ್ಷೆಗೆ ಒಳಪಡಿಸುವಂತಿಲ್ಲ ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತಪಡಿಸಬಾರದೆಂಬ ಸಂವಿಧಾನದ 20(3)ನೇ ವಿಧಿಗೂ 21ನೇ ವಿಧಿಗೂ ಅದು ಜೀವ ತುಂಬಿತು. 2025ರ ಜೂನ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಅದೇ ಮಾತನ್ನು ಮತ್ತೊಮ್ಮೆ ಹೇಳಬೇಕಾಯಿತು. ಹದಿನೈದು ವರ್ಷಗಳ ನಂತರವೂ ಮತ್ತೆ ಹೇಳಬೇಕಾಗಿ ಬಂದದ್ದೇ ನಮ್ಮ ಆತಂಕ. "ಒಪ್ಪಿಗೆ" ಎಂಬ ಬಾಗಿಲು ತೆರೆದೇ ಇದೆ. ಪೊಲೀಸರ ವಶದಲ್ಲಿರುವ, ವಕೀಲನನ್ನು ಇಟ್ಟುಕೊಳ್ಳಲಾಗದ ಕೂಲಿಯವನ ಒಪ್ಪಿಗೆಗೆ ಎಷ್ಟು ಅರ್ಥವಿದ್ದೀತು?

ಹಾಗೆಂದು ಮನೋವಿಜ್ಞಾನವನ್ನು ನ್ಯಾಯಾಲಯದ ಹೊರಗೆ ನಿಲ್ಲಿಸಬೇಕೆಂದು ನಾವು ಹೇಳುತ್ತಿಲ್ಲ. 2022ರ ಮೇ ತಿಂಗಳಲ್ಲಿ, ಮಧ್ಯಪ್ರದೇಶದ ಮನೋಜ್ ಪ್ರಕರಣದಲ್ಲಿ, ಮರಣದಂಡನೆಯ ಹಂತದಲ್ಲಿ ಆರೋಪಿಯ ಮಾನಸಿಕ ಸ್ಥಿತಿಯ ವರದಿ ತರಿಸಿ ನೋಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. ತಲೆಗೆ ಪೆಟ್ಟು ಬಿದ್ದವನು, ಬುದ್ಧಿಮಾಂದ್ಯನು, ಹೆದರಿದ ಮಗು ಇವರನ್ನು ಅರ್ಥ ಮಾಡಿಕೊಳ್ಳಲು ನ್ಯಾಯಾಧೀಶನಿಗೆ ಈ ವಿದ್ಯೆ ಬೇಕೇ ಬೇಕು. ಮನುಷ್ಯನನ್ನು ಅರಿಯಲು ಬಂದ ವಿದ್ಯೆಯನ್ನು ಅವನ ಬಾಯಿ ಬಿಡಿಸುವ ಆಯುಧವಾಗಿಸಿದ್ದೇ ಅನ್ಯಾಯ. ಲಾಠಿಯ ಗಾಯವಾದರೆ ವೈದ್ಯರ ಕಣ್ಣಿಗೆ ಬೀಳುತ್ತದೆ. ಬಿಳಿ ಕೋಟಿನ ಕೈಯಿಂದ ಬಿದ್ದ ಗಾಯವನ್ನು ತೋರಿಸಲು ಆರೋಪಿಯ ಬಳಿ ಏನೂ ಉಳಿಯುವುದಿಲ್ಲ.